ಘಟಸರ್ಪನ ಕಣ್ಣು: ಲಾಂಗನ್ ಹಣ್ಣಿನ ಗುಣಾವಗುಣ

ಹಣ್ಣುಗಳಿಗೆ ಹೆಸರಿಡುವುದರಲ್ಲಿ ಚೀನೀಯರ ಕಲ್ಪನೆ ಸ್ವಲ್ಪ ಭಯಂಕರವಾದುದೆಂದೇ ಹೇಳಬೇಕು. ನಮ್ಮವರಾದರೋ ರಸಪುರಿ, ಬಾದಾಮಿ, ಏಲಕ್ಕಿ ಬಾಳೆ ಎಂದು, ಕೇಳಿದೊಡನೆಯೇ ಬಾಯಲ್ಲಿ ನೀರೂರುವಂತಹ ಹೆಸರುಗಳನ್ನು ಹುಡುಕಿ ಇಟ್ಟಿದ್ದಾರೆ. ಚೀನೀಯರು ದೊಡ್ಡ ಗೋಲಿಯ ಗಾತ್ರದ ಒಂದು ಸಾಧು ಹಣ್ಣನ್ನು ಸುಲಿದು ನೋಡಿ, ಅದಕ್ಕೆ 'ಲುಂಗ್ ಯೆನ್' ಎಂದು ಹೆಸರಿಟ್ಟರು. ಹಾಗೆಂದರೆ ಘಟಸರ್ಪನ ಕಣ್ಣು. ಹೆಸರು ಭಯಂಕರವಾದರೂ ಹೋಲಿಕೆ ತಪ್ಪಲ್ಲ. ತಿಳಿಗಂದು ಬಣ್ಣದ ತೆಳುವಾದ ಸಿಪ್ಪೆಯನ್ನು ತೆಗೆದರೆ ಒಳಗೆ ನೀರಿನಂತೆ ಪಾರದರ್ಶಕವಾದ ಬಿಳಿಯ ತಿರುಳು. ಅದರ ಮೂಲಕ ಕರ್ರಗೆ ಹೊಳೆಯುವ ಬೀಜ, ಕಣ್ಣಾಲಿಯಂತೆ ನಮ್ಮನ್ನೇ ದಿಟ್ಟಿಸುತ್ತಿರುತ್ತದೆ. ಮಲಯದವರ ಧೈರ್ಯ ಇನ್ನೂ ಸ್ವಲ್ಪ ಕಡಿಮೆಯೆಂದು ತೋರುತ್ತದೆ. ಅವರು ಇದರ ಬಂಧುವೊಂದನ್ನು 'ಮಾತಾ ಕುಚಿಂಗ್', ಅಂದರೆ ಬೆಕ್ಕಿನ ಕಣ್ಣು ಎಂದು ಕರೆದು ತೃಪ್ತರಾದರು.

ಚೀನೀಯರ ಆ ಹೆಸರೇ ಬಾಯಿಂದ ಬಾಯಿಗೆ ಸವೆದು ಇಂದು 'ಲಾಂಗನ್' ಆಗಿದೆ. ಪಾಪಾಸುಕಳ್ಳಿಯ ಜಾತಿಯ ಗಿಡದಲ್ಲಿ ಬಿಡುವ, ಗುಲಾಬಿ ಬಣ್ಣದ ಡ್ರಾಗನ್ ಹಣ್ಣಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಯಾವ ಸಂಬಂಧವೂ ಇಲ್ಲ.

ಬೆಂಗಳೂರಿನಂತಹ ನಗರಗಳ ದೊಡ್ಡ ಹಣ್ಣಿನಂಗಡಿಗಳಲ್ಲಿ ಥಾಯ್ಲೆಂಡಿನಿಂದ ಬಂದ ಲಾಂಗನ್ ಗೊಂಚಲುಗಳು ಈಗ ಅಪರೂಪವಲ್ಲ. ಬೀಜ ತೆಗೆದು ಒಣಗಿಸಿದ ತಿರುಳೂ ಪೊಟ್ಟಣಗಳಲ್ಲಿ ಬರುತ್ತಿದೆ. ಅವುಗಳ ಜೊತೆಯಲ್ಲಿಯೇ ಹೊಗಳಿಕೆಯೂ ಬಂದಿದೆ: ರಕ್ತ ಹೆಚ್ಚಿಸುತ್ತದೆ, ನಿದ್ರೆ ಬರಿಸುತ್ತದೆ, ನೆನಪಿನ ಶಕ್ತಿ ಬೆಳೆಸುತ್ತದೆ, ಮುಖಕ್ಕೆ ಕಾಂತಿ ಕೊಡುತ್ತದೆ ಎಂದು ಮುಂತಾಗಿ. ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಮೊರದಲ್ಲಿ ಹಾಕಿ ಕೇರಿ ನೋಡುವುದು ಅಗತ್ಯ. ಅದಕ್ಕಿಂತಲೂ ಅಗತ್ಯವಾದುದು, ಯಾವ ಪೊಟ್ಟಣದ ಮೇಲೂ ಎದ್ದು ಕಾಣದ, ಆದರೆ ಮಕ್ಕಳಿರುವ ಮನೆಯವರು ತಿಳಿದಿರಲೇಬೇಕಾದ ಒಂದು ವಿಷಯ. ಅದು ಮುಂದೆ ಬರುತ್ತದೆ.

ಅಂಟುವಾಳದ ಬಂಧು

ಮೊದಲು ಹಣ್ಣಿನ ಕುಲಗೋತ್ರ. ಲಾಂಗನ್, ಲಿಚಿ, ರಂಬೂಟಾನ್ ಇವು ಒಂದೇ ಸಸ್ಯಕುಟುಂಬಕ್ಕೆ ಸೇರಿದವು; ಆ ಕುಟುಂಬಕ್ಕೆ ಹೆಸರು ಕೊಟ್ಟಿರುವುದು ನಮ್ಮ ಅಜ್ಜಿಯರು ತಲೆಗೂದಲಿಗೂ ರೇಷ್ಮೆ ಸೀರೆಗೂ ಬಳಸುತ್ತಿದ್ದ ಅಂಟುವಾಳ! ಅಂಟುವಾಳದ ಶಾಸ್ತ್ರೀಯ ನಾಮವಾದ 'ಸಪಿಂಡಸ್' ಎಂಬುದಕ್ಕೆ 'ಭಾರತದ ಸಾಬೂನು' ಎಂದೇ ಅರ್ಥ. ಲಾಂಗನ್ ಬೀಜದಲ್ಲಿಯೂ ನೊರೆ ಬರಿಸುವ ಆ ಸಪೋನಿನ್ ಎಂಬ ವಸ್ತುವುಂಟು. ಬೀಜವನ್ನು ಜಜ್ಜಿ ತಲೆ ತೊಳೆಯಲು ಬಳಸುವ ರೂಢಿಯೂ ಇದ್ದಿತು. ಆದುದರಿಂದ ತಿನ್ನತಕ್ಕದ್ದು ತಿರುಳು ಮಾತ್ರ, ಬೀಜವಲ್ಲ.

ಕೊಚಿನ್‌ಚೈನಾ ಎಂದು ಆಗ ಕರೆಯಲಾಗುತ್ತಿದ್ದ ಇಂದಿನ ವಿಯೆಟ್ನಾಮಿನಲ್ಲಿ ಬಹುಕಾಲ ನೆಲೆಸಿದ್ದ ಪೋರ್ಚುಗೀಸ್ ಪಾದ್ರಿ ಜೊವಾವ್ ದ ಲೊರೇರೊ, 1790ರಲ್ಲಿ ಪ್ರಕಟವಾದ ತನ್ನ ಸಸ್ಯಗ್ರಂಥದಲ್ಲಿ ಈ ಮರಕ್ಕೆ 'ಡಿಮೊಕಾರ್ಪಸ್ ಲಾಂಗನ್' ಎಂದು ನಾಮಕರಣ ಮಾಡಿದನು. ವಾಚಕರಿಗೆ ಆಶ್ಚರ್ಯವಾಗಬಹುದು: ಈ ಮರ ನಮ್ಮ ಪಶ್ಚಿಮ ಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿಯೂ ತಾನಾಗಿಯೇ ಬೆಳೆದಿದೆ. ಆದರೆ ನಮ್ಮ ಕಾಡಿನ ಹಣ್ಣು ಚಿಕ್ಕದು, ತಿರುಳು ಬಹು ತೆಳು. ನೂರಾರು ವರ್ಷ ಆರಿಸಿ, ಕಸಿಮಾಡಿ, ತಿರುಳನ್ನು ದಪ್ಪಗೆ ಮಾಡಿಕೊಂಡವರು ದಕ್ಷಿಣ ಚೀನಾದ ತೋಟಗಾರರು.

ಚೀನಾದಲ್ಲಿ ಲಿಚಿಗೆ ರಾಜಮರ್ಯಾದೆ. ಅದರ ಸುಗ್ಗಿ ಮುಗಿದ ಮೇಲೆಯೇ ಲಾಂಗನ್ ಮಾಗುವುದರಿಂದ ಅದಕ್ಕೆ 'ಲಿಚಿಯ ದಾಸ' ಎಂಬ ಅಡ್ಡಹೆಸರು ಬಿದ್ದಿತು. ಒಡೆಯನ ಹಿಂದೆ ಕೈಕಟ್ಟಿ ನಡೆದುಬರುವ ಆಳಿನಂತೆ! ಹದಿನಾರನೆಯ ಶತಮಾನದ ಪ್ರಖ್ಯಾತ ವೈದ್ಯ ಲಿ ಶಿಜೆನ್ ಮಾತ್ರ ಈ ದಾಸನ ಪಕ್ಷ ವಹಿಸಿದನು. ರುಚಿಗೆ ಲಿಚಿ ಹೆಚ್ಚಾದರೂ ದೇಹಕ್ಕೆ ಪುಷ್ಟಿ ಕೊಡುವುದರಲ್ಲಿ ಲಾಂಗನ್ನೇ ಮೇಲೆಂಬುದು ಅವನ ಅಭಿಪ್ರಾಯ.

ಚೀನೀಯರ ಮನೆಯ ಮದ್ದು

ಈ ಅಭಿಪ್ರಾಯ ಲಿ ಶಿಜೆನ್ ಒಬ್ಬನದೇ ಅಲ್ಲ. ಶೆನ್ ನುಂಗ್‌ನ ಹೆಸರಿನಲ್ಲಿರುವ ಪ್ರಾಚೀನ ಮೂಲಿಕಾ ಗ್ರಂಥದಲ್ಲಿಯೇ ಲಾಂಗನ್ ಔಷಧಿಗಳ ಸಾಲಿಗೆ ಸೇರಿದೆ. 1253ರಲ್ಲಿ ಯಾನ್ ಯುಂಗ್‌ಹೋ ಎಂಬ ವೈದ್ಯ ಬರೆದ ಪುಸ್ತಕದಲ್ಲಿ ಒಂದು ಕಷಾಯವಿದೆ; ಅತಿಯಾಗಿ ಚಿಂತಿಸಿ ಚಿಂತಿಸಿ ನಿದ್ರೆ ಕೆಟ್ಟವರಿಗೆ, ಎದೆ ಡವಗುಟ್ಟುವವರಿಗೆ, ಮರೆವು ಬಂದವರಿಗೆ ಅದು ಹೇಳಿಸಿದ ಮದ್ದು. ಇಂದಿಗೂ ಚೀನೀ ವೈದ್ಯರು ಅದನ್ನು ಬರೆದುಕೊಡುತ್ತಾರೆ. ಅದರಲ್ಲಿ ಲಾಂಗನ್ ಒಂದು ಮುಖ್ಯ ವಸ್ತು. ಆದರೆ ಒಂದೇ ವಸ್ತುವಲ್ಲ. ಜಿನ್‌ಸೆಂಗ್ ಬೇರು, ಅತಿಮಧುರ, ಶುಂಠಿ ಎಂದು ಅದರ ಜೊತೆಗೆ ಒಂದು ಪರಿವಾರವೇ ಇದೆ. ಕಷಾಯದ ಕೀರ್ತಿಯನ್ನು ಒಂದು ಹಣ್ಣಿನ ಖಾತೆಗೆ ಜಮಾ ಮಾಡುವುದು ಜಾಹೀರಾತಿನವರ ಕೈಚಳಕ.

ಮನೆಯೊಳಗೆ ಅದರ ಸ್ಥಾನ ಇನ್ನೂ ಗಟ್ಟಿಯಾದುದು. ಬಾಣಂತಿಗೆ ಕೆಂಪು ಬೋರೆಹಣ್ಣು ಮತ್ತು ಒಣ ಲಾಂಗನ್ ಕುದಿಸಿದ ಸಿಹಿನೀರು. ನಮ್ಮಲ್ಲಿ ಬಾಣಂತಿ ಲೇಹ್ಯ, ಅಂಟಿನುಂಡೆ ಇದ್ದಂತೆ. ಮದುವೆಯಲ್ಲಿ ನವದಂಪತಿಗಳ ಹಾಸಿಗೆಯ ಮೇಲೆ ಬೋರೆಹಣ್ಣು, ಕಡಲೆಕಾಯಿ, ಒಣ ಲಾಂಗನ್, ತಾವರೆಬೀಜ ಈ ನಾಲ್ಕನ್ನು ಚೆಲ್ಲುತ್ತಾರೆ. ಚೀನೀ ಭಾಷೆಯಲ್ಲಿ ಈ ನಾಲ್ಕು ಹೆಸರುಗಳನ್ನು ಕೂಡಿಸಿ ಉಚ್ಚರಿಸಿದರೆ 'ಬೇಗನೆ ಸತ್ಪುತ್ರನನ್ನು ಪಡೆಯಿರಿ' ಎಂಬ ಹರಕೆಯ ಧ್ವನಿ ಬರುತ್ತದೆಯಂತೆ. ಶ್ಲೇಷೆಯನ್ನು ಹಾಸಿಗೆಯ ಮೇಲೆ ಎರಚುವ ಜನ ಅವರು!

ನಮ್ಮ ಮನೆಗಳ ಹಿರಿಯರಿಗೆ ಬಹು ಬೇಗ ಅರ್ಥವಾಗುವ ಇನ್ನೊಂದು ಮಾತೂ ಅವರಲ್ಲುಂಟು. ಲಾಂಗನ್ 'ಉಷ್ಣ' ಪದಾರ್ಥ. ಹೆಚ್ಚು ತಿಂದರೆ ಬಾಯಿಹುಣ್ಣು, ಗಂಟಲುರಿ; ಗರ್ಭಿಣಿಯರಿಗೆ, ಜ್ವರ ಬಂದವರಿಗೆ ಕೂಡದು. ಪಪ್ಪಾಯಿಯ ವಿಷಯದಲ್ಲಿ ನಮ್ಮ ಅಜ್ಜಿಯರು ಹೇಳುವುದನ್ನೇ ಕ್ಯಾಂಟನ್ನಿನ ಅಜ್ಜಿಯರು ಲಾಂಗನ್ ವಿಷಯದಲ್ಲಿ ಹೇಳುತ್ತಾರೆ. ಉಷ್ಣ-ಶೀತಗಳನ್ನು ಅಳೆಯುವ ಮಾಪಕ ಆಧುನಿಕ ಪ್ರಯೋಗಶಾಲೆಯಲ್ಲಿಲ್ಲ. ಆದರೆ ಸಕ್ಕರೆ ತುಂಬಿದ ಈ ಹಣ್ಣನ್ನು ಮಿತಿಯಲ್ಲಿ ತಿನ್ನಿಸಲು ಆ ನಂಬಿಕೆ ಸಹಾಯಮಾಡಿರಬೇಕು. ಆ ಮಟ್ಟಿಗೆ ಅದು ಒಳ್ಳೆಯದೇ.

ಅಂಕಿಗಳು ಏನು ಹೇಳುತ್ತವೆ?

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ತಾಜಾ ಲಾಂಗನ್ ತಿರುಳಿನಲ್ಲಿ ಸುಮಾರು 83 ಗ್ರಾಂ ನೀರು, 15 ಗ್ರಾಂ ಶರ್ಕರಪಿಷ್ಟ, ಅದರಲ್ಲಿ ಬಹುಪಾಲು ಸಕ್ಕರೆಯೇ, ಸಸಾರಜನಕ 1.3 ಗ್ರಾಂ, ಕೊಬ್ಬು ಇಲ್ಲವೆನ್ನುವಷ್ಟು, ನಾರು 1 ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಪೊಟ್ಯಾಸಿಯಂ 266 ಮಿಲಿಗ್ರಾಂ. ಶಕ್ತಿ 60 ಕ್ಯಾಲರಿ. ಇಷ್ಟೇ ಆಗಿದ್ದರೆ ಇದನ್ನು ಸಕ್ಕರೆನೀರಿನ ಗುಳಿಗೆ ಎನ್ನಬಹುದಾಗಿತ್ತು. ಆದರೆ 84 ಮಿಲಿಗ್ರಾಂ ಸಿ ಜೀವಸತ್ತ್ವವೂ ಅದರಲ್ಲಿದೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ನಿಗದಿಮಾಡಿದಂತೆ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಿ ಜೀವಸತ್ತ್ವ ಬೇಕು. ಅಂದಮೇಲೆ 100 ಗ್ರಾಂ ತಿರುಳು ಒಂದು ದಿನದ ಅಗತ್ಯವನ್ನು ಪೂರೈಸಿಬಿಡುತ್ತದೆ. ಈ ವಿಷಯದಲ್ಲಿ ಲಾಂಗನ್ ಕಿತ್ತಳೆಯನ್ನೂ ಹಿಂದೆ ಹಾಕುತ್ತದೆ.

ಒಂದು ಹಣ್ಣಿನ ತಿರುಳು ಸುಮಾರು 3 ಗ್ರಾಂ ತೂಗುತ್ತದೆ. ಇಪ್ಪತ್ತು ಹಣ್ಣು ತಿಂದರೆ 50 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ತ್ವ ದೊರೆಯುತ್ತದೆ, ಜೊತೆಗೆ ಎರಡೂವರೆ ಚಹಾ ಚಮಚದಷ್ಟು ಸಕ್ಕರೆ. ಆರೋಗ್ಯವಂತರಿಗೆ ಇದು ಸೊಗಸಾದ ಉಪಾಹಾರ. ಆದರೆ ಲೆಕ್ಕವನ್ನು ಪೂರ್ತಿ ಹೇಳಬೇಕಲ್ಲ? ನಮ್ಮ ಹಿತ್ತಲಿನ ಸೀಬೆಹಣ್ಣಿನಲ್ಲಿ ಅದೇ 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ತ್ವವಿದೆ. ನಾರೂ ಹಲವು ಪಾಲು ಹೆಚ್ಚು. ಬೆಲೆಯೋ ಲಾಂಗನ್ನಿನ ಬೆಲೆಯ ಮುಂದೆ ಏನೇನೂ ಅಲ್ಲ. ನೆಲ್ಲಿಕಾಯಿಯ ಮಾತಂತೂ ಬೇಡವೇ ಬೇಡ. ರುಚಿಗಾಗಿ ಲಾಂಗನ್ ಕೊಳ್ಳುವುದಾದರೆ ಕೊಳ್ಳಿರಿ. ಸಿ ಜೀವಸತ್ತ್ವಕ್ಕಾಗಿ ಕೊಳ್ಳುವುದು ಮಾತ್ರ ಮನೆಯಂಗಳದ ಬಾವಿಯನ್ನು ಬಿಟ್ಟು ಪಕ್ಕದ ಊರಿನಿಂದ ನೀರು ತಂದಂತೆ.

ಒಣಗಿದ ಲಾಂಗನ್ನಿನ ಕಥೆಯೇ ಬೇರೆ. ಒಣಗಿಸಿದಾಗ ನೀರು ಹೋಗಿ ಹಣ್ಣು ಕುಗ್ಗುತ್ತದೆ. ಒಂದು ಕಿಲೋಗ್ರಾಂ ತಾಜಾ ತಿರುಳು ಸುಮಾರು 200 ಗ್ರಾಮಿಗೆ ಇಳಿಯುತ್ತದೆ. ಅಂದರೆ 100 ಗ್ರಾಂ ಒಣ ತಿರುಳಿನ ಹಿಂದೆ ಅರ್ಧ ಕಿಲೋಗ್ರಾಮಿನಷ್ಟು ತಾಜಾ ತಿರುಳಿದೆ. ಆ ಅರ್ಧ ಕಿಲೋಗ್ರಾಮಿನಲ್ಲಿ 400 ಮಿಲಿಗ್ರಾಂ ಸಿ ಜೀವಸತ್ತ್ವ ಇದ್ದಿರಬೇಕು. ಒಣಗಿದ ಮೇಲೆ ಕೋಷ್ಟಕದಲ್ಲಿ ಉಳಿದಿರುವುದು 28 ಮಿಲಿಗ್ರಾಂ! ಬಿಸಿಗೂ ಗಾಳಿಗೂ ಸಿಕ್ಕಿ ಹದಿನೈದರಲ್ಲಿ ಹದಿನಾಲ್ಕು ಪಾಲು ನಷ್ಟವಾಗಿದೆ. ನಷ್ಟವಾಗದೆ ಭದ್ರವಾಗಿ ಕುಳಿತಿರುವುದು ಸಕ್ಕರೆ: 100 ಗ್ರಾಮಿಗೆ 74 ಗ್ರಾಂ ಶರ್ಕರಪಿಷ್ಟ, 286 ಕ್ಯಾಲರಿ. ಮಿಠಾಯಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

'ರಕ್ತವರ್ಧಕ' ಎಂಬ ಬಿರುದನ್ನೂ ಇಲ್ಲಿಯೇ ಪರೀಕ್ಷಿಸೋಣ. ಅದೇ ಕೋಷ್ಟಕದಲ್ಲಿ ತಾಜಾ ತಿರುಳಿನ ಕಬ್ಬಿಣ 0.13 ಮಿಲಿಗ್ರಾಂ, ಒಣ ತಿರುಳಿನದು 5.4. ನೀರು ಹೋದರೆ ಐದು ಪಾಲು ಹೆಚ್ಚಬೇಕಾದ ಕಬ್ಬಿಣ ನಲವತ್ತು ಪಾಲು ಹೆಚ್ಚುವುದು ಹೇಗೆ? ಎರಡು ಅಂಕಿಗಳು ಒಂದೇ ಹಣ್ಣನ್ನು ಒಣಗಿಸಿ ಅಳೆದವುಗಳಾಗಿರಲಾರವು. ಹೋಗಲಿ, ದೊಡ್ಡ ಅಂಕಿಯನ್ನೇ ನಂಬೋಣ. ಹಿಡಿಯಷ್ಟು, ಎಂದರೆ 20 ಗ್ರಾಂ ಒಣ ಲಾಂಗನ್ ತಿಂದರೆ ದೊರೆಯುವುದು 1 ಮಿಲಿಗ್ರಾಂ ಕಬ್ಬಿಣ. ನಮ್ಮ ಹೆಂಗಸರಿಗೆ ದಿನಕ್ಕೆ ಬೇಕಾದುದು 29 ಮಿಲಿಗ್ರಾಂ. ರಕ್ತಹೀನತೆಯಿಂದ ಬಿಳಿಚಿಕೊಂಡ ಮಗಳಿಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಿ ಲಾಂಗನ್ ಕಷಾಯ ಕುಡಿಸುವುದು ತಾಯಿಯ ಪ್ರೀತಿಯಿರಬಹುದು, ಚಿಕಿತ್ಸೆಯಲ್ಲ.

ಇನ್ನು ನಿದ್ರೆ. 1999ರಲ್ಲಿ ಜಪಾನಿನ ಸಂಶೋಧಕರು ಲಾಂಗನ್ ತಿರುಳಿನ ಸಾರವನ್ನು ಇಲಿಗಳ ಮೇಲೆ ಪ್ರಯೋಗಿಸಿ, ಅದು ಅವುಗಳ ಕಳವಳವನ್ನು ಕಡಮೆ ಮಾಡುತ್ತದೆಂದೂ, ಹಾಗೆ ಮಾಡುವ ವಸ್ತು ಅಡಿನೊಸಿನ್ ಎಂದೂ ವರದಿಮಾಡಿದರು. ಅಡಿನೊಸಿನ್ ನಮ್ಮ ಮಿದುಳಿನಲ್ಲಿಯೇ ಉತ್ಪತ್ತಿಯಾಗುವ ವಸ್ತು. ದಿನವಿಡೀ ಎಚ್ಚರವಿದ್ದಷ್ಟೂ ಅದು ಸೇರಿಕೊಂಡು ತೂಕಡಿಕೆ ತರುತ್ತದೆ. ಕಾಫಿ ಮಾಡುವ ಕೆಲಸವೆಂದರೆ ಅದಕ್ಕೆ ಅಡ್ಡಗಾಲು ಹಾಕುವುದು. ಹಾಗಾದರೆ ರಾತ್ರಿ ನಾಲ್ಕು ಲಾಂಗನ್ ತಿಂದರೆ ಸುಖನಿದ್ರೆಯೇ? ಅಷ್ಟು ಸುಲಭವಲ್ಲ. ಬಾಯಿಂದ ತಿಂದ ಅಡಿನೊಸಿನ್ ಕರುಳಿನಲ್ಲಿಯೂ ರಕ್ತದಲ್ಲಿಯೂ ಬಹು ಬೇಗ ಒಡೆದುಹೋಗುತ್ತದೆ. ಮಿದುಳಿನವರೆಗೆ ಅದರ ಪ್ರಯಾಣ ಸಾಗುವುದು ಕಷ್ಟ. ಇಲಿಯ ಕಳವಳ ಬೇರೆ, ಮಗಳ ಮದುವೆಯ ಸಾಲ ಹೊತ್ತ ತಂದೆಯ ಕಳವಳ ಬೇರೆ. ಸಿಪ್ಪೆ ಮತ್ತು ಬೀಜಗಳಲ್ಲಿರುವ ಗ್ಯಾಲಿಕ್, ಎಲಾಜಿಕ್ ಆಮ್ಲಗಳ ವಿಷಯದಲ್ಲಿಯೂ ಪ್ರಯೋಗಶಾಲೆಯ ವರದಿಗಳು ಹಲವಾರಿವೆ. ಆದರೆ ನಾವು ತಿನ್ನುವುದು ಅವೆರಡನ್ನೂ ಎಸೆದ ಮೇಲೆ ತಾನೆ?

ಬಾಣಬಿರುಸಿನ ಮದ್ದು, ಗಂಧಕದ ಹೊಗೆ

ನಮ್ಮ ಅಂಗಡಿಗೆ ಬರುವ ಹಣ್ಣು ಬೆಳೆಯುವುದು ಥಾಯ್ಲೆಂಡಿನಲ್ಲಿ. ಅದರ ಉತ್ತರ ಭಾಗದ ಚಿಯಾಂಗ್ ಮಾಯ್ ಮತ್ತು ಲಂಪೂನ್ ಪ್ರಾಂತಗಳು ಲಾಂಗನ್ನಿಗೆ ಹೆಸರುವಾಸಿ. ಈ ಮರ ಬಹಳ ಸೂಕ್ಷ್ಮ ಸ್ವಭಾವದ್ದು. ಚಳಿಗಾಲದಲ್ಲಿ ಸಾಕಷ್ಟು ಚಳಿ ಬೀಳದಿದ್ದರೆ ಹೂಬಿಡುವುದಿಲ್ಲ. ಒಂದು ವರ್ಷ ತುಂಬು ಬೆಳೆ, ಮರುವರ್ಷ ಬರಿ ಎಲೆ. 1990ರ ದಶಕದ ಕೊನೆಗೆ ಅಲ್ಲಿ ಒಂದು ವಿಚಿತ್ರ ಬೆಳಕಿಗೆ ಬಂದಿತು. ಬಾಣಬಿರುಸು ತಯಾರಿಸುವವರು ಪಾತ್ರೆ ತೊಳೆದ ನೀರನ್ನು ಚೆಲ್ಲಿದ ಕಡೆ ಲಾಂಗನ್ ಮರಗಳು ಕಾಲವಲ್ಲದ ಕಾಲದಲ್ಲಿ ಹೂಬಿಟ್ಟವೆಂದು ಹೇಳುತ್ತಾರೆ. ಆ ನೀರಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಎಂಬ ಲವಣವೇ ಇದಕ್ಕೆ ಕಾರಣವೆಂದು ತಿಳಿದ ಮೇಲೆ ತೋಟಗಾರರು ಅದನ್ನು ಬೇರಿಗೆ ಹಾಕತೊಡಗಿದರು. ವರ್ಷವಿಡೀ ಲಾಂಗನ್ ದೊರೆಯತೊಡಗಿತು.

ಬಾಣಬಿರುಸಿನ ಮದ್ದು ಬಾಣಬಿರುಸಿನ ಮದ್ದೇ ಅಲ್ಲವೇ? 1999ರ ಸೆಪ್ಟೆಂಬರಿನಲ್ಲಿ ಚಿಯಾಂಗ್ ಮಾಯ್ ಪ್ರಾಂತದ ಲಾಂಗನ್ ಕಾರ್ಖಾನೆಯೊಂದರಲ್ಲಿ ಆ ರಾಸಾಯನಿಕದ ದಾಸ್ತಾನು ಸಿಡಿದು ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತಿನ್ನುವವರು ತಿಳಿಯದ ಬೆಲೆಗಳಲ್ಲಿ ಇದೂ ಒಂದು.

ತಿನ್ನುವವರಿಗೆ ನೇರವಾಗಿ ಸಂಬಂಧಪಟ್ಟದ್ದು ಗಂಧಕದ ಹೊಗೆ. ಕಿತ್ತ ಲಾಂಗನ್ನಿನ ಸಿಪ್ಪೆ ಕೆಲವೇ ದಿನಗಳಲ್ಲಿ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ದೂರದ ದೇಶಗಳಿಗೆ ಕಳುಹಿಸಬೇಕಾದ ಹಣ್ಣಿಗೆ ಅದಕ್ಕಾಗಿ ಗಂಧಕದ ಡಯಾಕ್ಸೈಡ್ ಹೊಗೆ ಕೊಡುತ್ತಾರೆ. ಬೂಷ್ಟು ಸಾಯುತ್ತದೆ, ಸಿಪ್ಪೆ ಒಂದೇ ಸಮನೆ ತಿಳಿಹಳದಿಯಾಗಿ ಹೊಳೆಯುತ್ತದೆ. ಬೆಲ್ಲಕ್ಕೆ ಬಣ್ಣ ಬರಲೆಂದು ಆಲೆಮನೆಗಳಲ್ಲಿ 'ಹೈಡ್ರಾಸ್' ಹಾಕುವುದನ್ನು ಕಂಡ ನಮಗೆ ಇದು ಹೊಸದೇನೂ ಅಲ್ಲ. ಹೊಗೆಯ ಅಂಶ ಬಹುಮಟ್ಟಿಗೆ ಸಿಪ್ಪೆಯಲ್ಲಿಯೇ ನಿಲ್ಲುತ್ತದೆ. ಸ್ವಲ್ಪ ತಿರುಳಿಗೂ ಇಳಿಯುತ್ತದೆ. ಥಾಯ್ಲೆಂಡಿನ ಹಣ್ಣನ್ನು ಹೆಚ್ಚಾಗಿ ಕೊಳ್ಳುವ ಚೀನಾ, ಒಂದು ಕಿಲೋಗ್ರಾಂ ತಿರುಳಿನಲ್ಲಿ ಅದು 50 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ಸಾಮಾನ್ಯರಿಗೆ ಇಷ್ಟರಿಂದ ತೊಂದರೆಯಿಲ್ಲ. ಉಬ್ಬಸದವರಲ್ಲಿ ಕೆಲವರಿಗೆ ಮಾತ್ರ ಅತ್ಯಲ್ಪ ಗಂಧಕವೂ ಉಸಿರು ಕಟ್ಟಿಸಬಲ್ಲದು. ಅಂತಹವರು ತಾಜಾ ಹಣ್ಣಿನಲ್ಲಿಯೂ ಒಣ ಹಣ್ಣಿನಲ್ಲಿಯೂ ಎಚ್ಚರಿಕೆಯಿಂದಿರಬೇಕು. ಮಿಕ್ಕವರು ಹಣ್ಣನ್ನು ಚೆನ್ನಾಗಿ ತೊಳೆದು, ಬೆರಳಿನಿಂದ ಸುಲಿದು ತಿನ್ನಲಿ. ಮಕ್ಕಳು ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸುವ ಅಭ್ಯಾಸವನ್ನಂತೂ ತಪ್ಪಿಸಬೇಕು.

ಮುಜಫರ್‌ಪುರದ ಬೆಳಗಿನ ಜಾವ

ಈಗ, ಮೊದಲೇ ಸೂಚಿಸಿದ ಆ ಮುಖ್ಯ ವಿಷಯ.

ಬಿಹಾರದ ಮುಜಫರ್‌ಪುರ ನಮ್ಮ ದೇಶದ ಲಿಚಿಯ ರಾಜಧಾನಿ. ಅಲ್ಲಿ 1995ರಿಂದ ಈಚೆಗೆ, ಮೇ-ಜೂನ್ ತಿಂಗಳುಗಳಲ್ಲಿ, ಸರಿಯಾಗಿ ಲಿಚಿಯ ಸುಗ್ಗಿಯಲ್ಲಿ, ಬಡವರ ಮಕ್ಕಳನ್ನು ಒಂದು ಕಾಯಿಲೆ ಕೊಂಡೊಯ್ಯುತ್ತಿತ್ತು. ರಾತ್ರಿ ಚೆನ್ನಾಗಿಯೇ ಮಲಗಿದ ಮಗು ಬೆಳಗಿನ ಜಾವ ಚೀರಿಕೊಂಡು ಏಳುವುದು, ಸೆಳವು ಬರುವುದು, ಎಚ್ಚರ ತಪ್ಪುವುದು, ಕೆಲವು ಗಂಟೆಗಳಲ್ಲಿ ಎಲ್ಲವೂ ಮುಗಿಯುವುದು. ಮಿದುಳಿನ ಜ್ವರವೆಂದರು, ಸೊಳ್ಳೆಯೆಂದರು, ಬಿಸಿಲೆಂದರು. 2014ರಲ್ಲಿ ಮೇ ಕೊನೆಯಿಂದ ಜುಲೈ ನಡುವಿನವರೆಗೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಬಂದ 390 ರೋಗಿಗಳಲ್ಲಿ 122 ಮಂದಿ ತೀರಿಕೊಂಡರು.

ವೆಲ್ಲೂರಿನ ವೈದ್ಯಕೀಯ ಕಾಲೇಜಿನಲ್ಲಿ ವೈರಾಣು ವಿಜ್ಞಾನಿಯಾಗಿದ್ದ ಡಾ. ಟಿ. ಜೇಕಬ್ ಜಾನ್ ಮತ್ತು ಅವರ ಸಹೋದ್ಯೋಗಿ ಮುಕುಲ್ ದಾಸ್, ಇದು ಸೋಂಕಲ್ಲ, ಲಿಚಿಯಲ್ಲಿರುವ ಒಂದು ವಿಷದ ಕೆಲಸವಿರಬಹುದೆಂದು 2014ರಲ್ಲಿ ವಾದ ಮುಂದಿಟ್ಟರು. ಆ ವಾದಕ್ಕೆ ಹಿನ್ನೆಲೆಯಿತ್ತು. ಜಮೈಕಾ ದ್ವೀಪದಲ್ಲಿ ಇದೇ ಅಂಟುವಾಳದ ಕುಟುಂಬಕ್ಕೆ ಸೇರಿದ ಆಕಿ ಎಂಬ ಹಣ್ಣಿದೆ. ಅದನ್ನು ಕಾಯಾಗಿದ್ದಾಗ ತಿಂದವರು ವಾಂತಿಮಾಡಿಕೊಂಡು, ಎಚ್ಚರ ತಪ್ಪಿ ಸಾಯುತ್ತಿದ್ದರು. 1950ರ ದಶಕದಲ್ಲಿ ಹ್ಯಾಸಲ್ ಮತ್ತು ರೈಲ್ ಎಂಬ ಸಂಶೋಧಕರು ಅದರಿಂದ ಹೈಪೊಗ್ಲೈಸಿನ್ ಎಂಬ ವಿಷವನ್ನು ಬೇರ್ಪಡಿಸಿದರು. ರಕ್ತದ ಸಕ್ಕರೆಯನ್ನು ಇಳಿಸಿಬಿಡುವುದು ಅದರ ಗುಣ. 1962ರಲ್ಲಿ ಅದರ ತಮ್ಮನಂತಿರುವ ಇನ್ನೊಂದು ವಸ್ತು ಲಿಚಿಯ ಬೀಜದಲ್ಲಿ ಸಿಕ್ಕಿತು. 1991ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಆ ವಸ್ತು ಉಪವಾಸವಿದ್ದ ಇಲಿಗಳ ರಕ್ತದಲ್ಲಿ ಸಕ್ಕರೆ ಕುಸಿಯುವಂತೆ ಮಾಡುತ್ತದೆಂದು ತೋರಿಸಿತ್ತು. ಉಪವಾಸವಿದ್ದ ಇಲಿಗಳು ಎಂಬ ಮಾತನ್ನು ಗಮನಿಸಬೇಕು.

ಏಕೆಂದರೆ ಗುಟ್ಟು ಇರುವುದು ಅಲ್ಲಿಯೇ. ನಮ್ಮ ಯಕೃತ್ತು ಸ್ವಲ್ಪ ಸಕ್ಕರೆಯನ್ನು ಕೂಡಿಟ್ಟುಕೊಂಡಿರುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ದಿನಬಳಕೆಯ ಅಕ್ಕಿ ಇದ್ದಂತೆ. ರಾತ್ರಿ ಉಂಡು ಮಲಗಿದವರಿಗೆ ಬೆಳಗಿನವರೆಗೆ ಅದು ಸಾಲುತ್ತದೆ. ಡಬ್ಬಿ ಬರಿದಾದರೆ ಕಣಜದ ಭತ್ತವನ್ನು ಕುಟ್ಟಬೇಕು. ದೇಹವು ಕೂಡಿಟ್ಟ ಕೊಬ್ಬನ್ನು ಉರಿಸಿ, ಆ ಬಲದಿಂದ ಹೊಸದಾಗಿ ಸಕ್ಕರೆಯನ್ನು ತಯಾರಿಸಬೇಕು. ಈ ಹಣ್ಣಿನ ವಿಷ ಕಿತ್ತುಕೊಳ್ಳುವುದು ಆ ಒನಕೆಯನ್ನೇ. ಹೊಟ್ಟೆ ತುಂಬಿದ ಮಗುವಿಗೆ ಒನಕೆಯ ಅಗತ್ಯವೇ ಬೀಳುವುದಿಲ್ಲ. ಹಗಲೆಲ್ಲ ತೋಟದಲ್ಲಿ ಬಿದ್ದ ಲಿಚಿಯನ್ನೂ ಮಾಗದ ಕಾಯನ್ನೂ ತಿಂದು, ರಾತ್ರಿ ಊಟವಿಲ್ಲದೆ ಮಲಗಿದ, ಮೊದಲೇ ಸೊರಗಿದ ಮಗುವಿನ ಡಬ್ಬಿ ನಡುರಾತ್ರಿಗೆ ಬರಿದು, ಕುಟ್ಟಲು ಒನಕೆಯಿಲ್ಲ. ಸಕ್ಕರೆಯನ್ನೇ ನಂಬಿದ ಮಿದುಳು ಬೆಳಗಿನ ಜಾವಕ್ಕೆ ಹಸಿವಿನಿಂದ ಕಂಗೆಡುತ್ತದೆ.

ಭಾರತದ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ಅಂತಹುದೇ ಸಂಸ್ಥೆ ಕೂಡಿ ನಡೆಸಿದ ತನಿಖೆ 2017ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 327 ರೋಗಿಗಳಲ್ಲಿ 204 ಮಂದಿಯ ರಕ್ತದ ಸಕ್ಕರೆ ಆಸ್ಪತ್ರೆಗೆ ಬಂದಾಗಲೇ 70 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗಿತ್ತು. 73 ಮಂದಿಯ ಮೂತ್ರ ಪರೀಕ್ಷಿಸಿದಾಗ 48 ಮಂದಿಯದರಲ್ಲಿ ಆ ವಿಷದ ಕುರುಹುಗಳು ದೊರೆತವು. ಹಿಂದಿನ ದಿನ ಲಿಚಿ ತಿಂದಿದ್ದುದು, ರಾತ್ರಿ ಊಟ ಮಾಡದಿದ್ದುದು, ಈ ಎರಡೂ ಕಾಯಿಲೆಯೊಡನೆ ಬಲವಾಗಿ ತಳಕುಹಾಕಿಕೊಂಡಿದ್ದವು. ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. 2019ರಲ್ಲಿ ಬಿಹಾರದಲ್ಲಿ ಮತ್ತೆ 150ಕ್ಕೂ ಹೆಚ್ಚು ಮಕ್ಕಳು ಸತ್ತಾಗ ಬಿಸಿಲಿನ ಝಳ, ಅಪೌಷ್ಟಿಕತೆಗಳನ್ನು ಮುಂದೆ ಮಾಡಿ ಚರ್ಚೆ ನಡೆಯಿತು. ಬರಿ ಲಿಚಿಯೊಂದನ್ನೇ ಅಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸುವುದು ನನಗೂ ಸರಿತೋರುವುದಿಲ್ಲ. ಹಸಿವಿಲ್ಲದ ಮನೆಯ ಮಕ್ಕಳು ಅದೇ ಹಣ್ಣನ್ನು ತಿಂದು ಸುಖವಾಗಿದ್ದರಲ್ಲವೇ?

ಲಾಂಗನ್ನಿಗೆ ಇದರಿಂದೇನು? 2016ರಲ್ಲಿ ಅಮೆರಿಕದ ಸಂಶೋಧಕರು ಈ ಕುಟುಂಬದ ಹಣ್ಣುಗಳ ತಿರುಳನ್ನು ಪರೀಕ್ಷಿಸಿದಾಗ, ಲಿಚಿಯಲ್ಲಷ್ಟೇ ಅಲ್ಲ, ಲಾಂಗನ್ ತಿರುಳಿನಲ್ಲಿಯೂ ಹೈಪೊಗ್ಲೈಸಿನ್ ಇರುವುದನ್ನು ಮೊದಲ ಬಾರಿಗೆ ವರದಿಮಾಡಿದರು. ಗಾಬರಿಪಡಬೇಕಾಗಿಲ್ಲ. ಮುಜಫರ್‌ಪುರದಲ್ಲಿ ಬೊಟ್ಟುಮಾಡಿ ತೋರಿಸಿದ್ದು ಲಿಚಿಯನ್ನು, ಲಾಂಗನ್ನನ್ನಲ್ಲ. ಚೀನಾ, ಥಾಯ್ಲೆಂಡ್, ವಿಯೆಟ್ನಾಮುಗಳ ಜನ ತಲೆತಲಾಂತರದಿಂದ ಮಾಗಿದ ಲಾಂಗನ್ ತಿನ್ನುತ್ತ ಬಂದಿದ್ದಾರೆ. ಉಂಡು ತಿಂದು ಬೆಳೆದ ನಗರದ ಮಕ್ಕಳು ಹತ್ತು ಹಣ್ಣು ತಿಂದರೆ ಏನೂ ಆಗದು. ಆದರೆ ನಮ್ಮ ಮನೆಗಳಲ್ಲಿಯೂ ಬೇರೊಂದು ಬಗೆಯ ಉಪವಾಸವಿದೆ. ಊಟವೆಂದರೆ ಹಟ ಹಿಡಿಯುವ ಮಗು ಇದೆ. 'ಹಣ್ಣಾದರೂ ತಿಂದನಲ್ಲ' ಎಂದು ಸಮಾಧಾನಪಟ್ಟು ಹಾಗೆಯೇ ಮಲಗಿಸುವ ಅಜ್ಜಿಯೂ ಇದ್ದಾರೆ. ಜ್ವರ ಬಂದು ಎರಡು ದಿನ ಅನ್ನ ಮುಟ್ಟದ ಮಗುವಿಗೆ ರುಚಿಗೆಂದು ಬಟ್ಟಲು ತುಂಬ ಲಾಂಗನ್ ಕೊಡುವ ತಾಯಂದಿರೂ ಇರಬಹುದು. ಮೊಸರನ್ನ ತಿಂದ ಮೇಲೆ ಹಣ್ಣು ಕೊಡಿರಿ. ಮೊಸರನ್ನದ ಬದಲಿಗೆ ಕೊಡಬೇಡಿರಿ. ಹಸಿರಾಗಿ, ಗಟ್ಟಿಯಾಗಿರುವ ಕಾಯಿಯಂತೂ ಯಾರಿಗೂ ಬೇಡ.

ಮನೆಯಲ್ಲಿ ಲಾಂಗನ್

ಮಗು ಚಿಕ್ಕದಾದಷ್ಟೂ ವಿಷಕ್ಕಿಂತ ಹತ್ತಿರದ ಅಪಾಯ ಬೀಜದ್ದು. ಗುಂಡಗೆ, ನುಣುಪಾಗಿ, ಜಾರುವ ತಿರುಳಿನೊಳಗೆ ಅಡಗಿರುವ ಈ ಬೀಜ ಶ್ವಾಸನಾಳಕ್ಕೆ ಅಳತೆಕೊಟ್ಟು ಮಾಡಿಸಿದ ಬಿರಡೆಯಂತಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಬೀಜ ತೆಗೆದು, ತಿರುಳನ್ನು ಸೀಳಿಯೇ ಕೊಡಬೇಕು.

ಸಕ್ಕರೆ ಕಾಯಿಲೆಯವರು ತಾಜಾ ಹಣ್ಣನ್ನು ಎಂಟು-ಹತ್ತಕ್ಕೆ ನಿಲ್ಲಿಸಿದರೆ, ಊಟದ ಲೆಕ್ಕದಲ್ಲಿ ಅದನ್ನು ಸೇರಿಸಿಕೊಂಡರೆ, ವೈದ್ಯರು ಸಾಮಾನ್ಯವಾಗಿ ಅಡ್ಡಿ ಹೇಳಲಾರರು. ಒಣ ಹಣ್ಣು ಮಾತ್ರ ಮೋಸಗಾರ. ಹತ್ತು ಒಣ ಲಾಂಗನ್ ತೂಗುವುದು 17 ಗ್ರಾಂ. ಅದರಲ್ಲಿ ಮೂರು ಚಹಾ ಚಮಚದಷ್ಟು ಸಕ್ಕರೆ. ವಿದೇಶದಿಂದ ಬಂದ ಮಗನೋ ಅಳಿಯನೋ 'ಟಾನಿಕ್' ಎಂದು ತಂದುಕೊಟ್ಟ ಪೊಟ್ಟಣವನ್ನು, ಕಾಫಿಗೆ ಸಕ್ಕರೆ ಬಿಟ್ಟ ಹಿರಿಯರು ಹೊತ್ತುಹೋಗದಾಗಲೆಲ್ಲ ಬಾಯಾಡಿಸಿದರೆ, ಸಕ್ಕರೆ ಬಿಟ್ಟ ಪುಣ್ಯವೆಲ್ಲ ಮಣ್ಣುಪಾಲು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಪೊಟ್ಯಾಸಿಯಮ್ಮಿನ ನಿರ್ಬಂಧವಿದ್ದಲ್ಲಿ, ಒಣ ಲಾಂಗನ್ನಿನಲ್ಲಿ 100 ಗ್ರಾಮಿಗೆ 658 ಮಿಲಿಗ್ರಾಂ ಪೊಟ್ಯಾಸಿಯಂ ಇದೆಯೆಂಬುದು ನೆನಪಿರಲಿ.

ಕೊಳ್ಳುವಾಗ ಸಿಪ್ಪೆ ಒಡೆಯದ, ತೊಟ್ಟು ಬಿಡದ, ಒತ್ತಿದರೆ ಸ್ವಲ್ಪ ಬಿಗಿಯಾಗಿರುವ ಹಣ್ಣನ್ನು ಆರಿಸಬೇಕು. ಹುಳಿವಾಸನೆ ಬಂದರೆ ಒಳಗೆ ಹುದುಗಿದೆಯೆಂದರ್ಥ. ಬಣ್ಣ ಒಂದೇ ಸಮನೆ ತೀರ ಹಳದಿಯಾಗಿದ್ದರೆ ಗಂಧಕದ ಉಪಚಾರ ಧಾರಾಳವಾಗಿ ನಡೆದಿರಬಹುದು. ಅಲ್ಲಲ್ಲಿ ಕಂದು ಮಚ್ಚೆಯಿರುವ ಹಣ್ಣು ನೋಟಕ್ಕೆ ಕಡಮೆಯಾದರೂ ತಿನ್ನಲು ಕಡಮೆಯಲ್ಲ. ತಂಪುಪೆಟ್ಟಿಗೆಯಲ್ಲಿ ಸಿಪ್ಪೆಸಹಿತ ಇಟ್ಟರೆ ಒಂದು ವಾರ ಕೆಡದು.

ಚೀನೀಯರ ಮಾದರಿಯ ಲಾಂಗನ್ ಪಾನಕವನ್ನು ಮಾಡಿ ನೋಡಬೇಕೆನ್ನುವವರು ಎಂಟು ಒಣ ತಿರುಳನ್ನು ಬಿಸಿನೀರಿನಲ್ಲಿ ತೊಳೆದು, ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಬಹುದು. ಒಂದು ಚೂರು ಶುಂಠಿ ಜಜ್ಜಿ ಹಾಕಿದರೆ ಹೊಗೆಯಾಡಿದಂತಹ ಆ ಪರಿಮಳಕ್ಕೆ ಒಪ್ಪುತ್ತದೆ. ನಾಲ್ವರಿಗೆ ಸಣ್ಣ ಬಟ್ಟಲಿನಲ್ಲಿ ಹಂಚಲು ಇದು ಸಾಕು. ಸಕ್ಕರೆ ಹಾಕಬೇಕಾದುದಿಲ್ಲ.